ಬಂಡೆಗೊಂದು ಉಗುರು

"ಬಂಡೆಗೆ ಉಗುರು ಇರುತ್ತಾ?" ಎಂದು ಹುಡುಗಿ ಕೇಳಿದಳು.

ಮಂಚದ ಮೇಲೆ ಹೊಸ ಕೌದಿ ಹರಡಿತ್ತು. ಹಳದಿ ಫ್ರಾಕಿನ ಪುಟ್ಟ ಮಗುವೊಂದು ಪಾರ್ಕಿನ ಉಯ್ಯಾಲೆಯಲ್ಲಿ ಕೂತಿದೆ; ಹಿಂದೆ ಹುಲ್ಲು, ಮೇಲೆ ಒಂದಿಷ್ಟು ಆಕಾಶ, ಕೆಳಗೆ ಎಡಮೂಲೆಯಲ್ಲಿ ದುಂಡನೆಯ ದೊಡ್ಡ ಬಂಡೆ. ಎಲ್ಲವೂ ಬಟ್ಟೆಯ ಚೂರುಗಳಲ್ಲೇ ಮೂಡಿದ್ದು. ಆ ಮಗುವೇ ಈಗ ಹನ್ನೊಂದರ ಹುಡುಗಿಯಾಗಿ, ಸೊಂಟದ ಮೇಲೆ ಕೈಯಿಟ್ಟು ಮಂಚದ ಈ ಕಡೆ ನಿಂತಿದ್ದಳು. ಆ ಕಡೆ, ತುಟಿಯಲ್ಲಿ ಸೂಜಿ ಕಚ್ಚಿಕೊಂಡು, ಅವಳ ಅಪ್ಪನ ಎರಡನೇ ಹೆಂಡತಿ.

"ಅದು ಉಗುರಲ್ಲ ಪುಟ್ಟಿ," ಎಂದಳು ಆಕೆ, ಸೂಜಿ ತೆಗೆದು. "ಬಂಡೆ ಮೇಲೆ ಬಿಸಿಲು ಬಿದ್ದಿದೆ. ದುಂಡಗೆ ಹೊಲಿಯೋದು ಅಂದ್ರೆ ಹುಡುಗಾಟ ಅಂದ್ಕೊಂಡ್ಯಾ? ಬೆನ್ನು ಬಿದ್ದುಹೋಯ್ತು."

ಆಕೆ ಪರದೆ ಅಂಗಡಿಯ ಹೊಲಿಗೆಯವಳು. ಹುಡುಗಿಯ ಅಮ್ಮ ತೀರಿಕೊಂಡ ಮೇಲೆ ಈ ಮನೆಗೆ ಬಂದವಳು. ಬಂದು ವರ್ಷ ಕಳೆದರೂ ಹುಡುಗಿ ಆಕೆಯನ್ನು ಏನೆಂದೂ ಕರೆದಿರಲಿಲ್ಲ. ಬೆಳಕು ಸಾಲದಿದ್ದರೆ ಕಿಟಕಿಗೆ ಹೇಳುತ್ತಿದ್ದಳು, ಉಪ್ಪು ಹೆಚ್ಚಾದರೆ ತಟ್ಟೆಗೆ. ಬಾಯಿಂದ ಆಗದ್ದನ್ನು ಕೈಯಿಂದಲಾದರೂ ಮಾಡೋಣವೆಂದು ಆಕೆ ಒಂದು ಬೆಳಿಗ್ಗೆ ಹುಡುಗಿಯ ನಿಘಂಟಿನೊಳಗಿದ್ದ ಫೋಟೋವನ್ನು ಕದ್ದು, ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿ, ಶಾಲೆ ಬಿಡುವುದರೊಳಗೆ ಇದ್ದ ಪುಟಕ್ಕೇ ಸೇರಿಸಿದ್ದಳು. ಫ್ರಾಕು ಹಳದಿ, ಹುಲ್ಲು ಹಸಿರು ಎಂದಷ್ಟೇ ನೆನಪಿಟ್ಟುಕೊಂಡಿದ್ದು. ಕದ್ದ ಮಾಲನ್ನು ಯಾರು ನಿಂತು ನೋಡುತ್ತಾರೆ?

ಜೆರಾಕ್ಸು ಕಪ್ಪು-ಬಿಳುಪಿನದು, ಅದೂ ಬೇಕೆಂದೇ ಮಾಡಿಸಿದ್ದು. ಬಣ್ಣ ಕಣ್ಣಿಗೆ ಮಂಕುಬೂದಿ ಎರಚುತ್ತದೆ, ಎಲ್ಲಿ ಬೆಳಕು ಎಲ್ಲಿ ನೆರಳು ಎಂಬುದು ಕಪ್ಪು-ಬಿಳುಪಿನಲ್ಲೇ ತಿಳಿಯಬೇಕು ಎಂಬುದು ಆಕೆಯ ಕಸುಬಿನ ನಂಬಿಕೆ. ಹಾಳೆಯ ಮೇಲೆ ಚೌಕ ಗೀಚಿ, ಒಂದೊಂದು ಚೌಕದ ಕಪ್ಪಿಗೂ ತಕ್ಕ ತುಂಡನ್ನು ಅಂಗಡಿಯ ಹಳೇ ಸ್ಯಾಂಪಲ್ ಕಟ್ಟಿನಿಂದ ಹುಡುಕಿದ್ದಳು. ಮೂಲೆಯ ಮಸುಕು ಮುದ್ದೆಯೊಂದು ಮಾತ್ರ ತಲೆ ತಿಂದಿತ್ತು. ಕೊನೆಗೆ ಅದನ್ನು ಬಂಡೆಯೆಂದು ತೀರ್ಮಾನಿಸಿ, ಮೂರು ಬಗೆಯ ಕಂದು ಕೂಡಿಸಿ, ತುದಿಯಲ್ಲಿ ತಿಳಿಬಣ್ಣದ ಒಂದು ತೇಪೆ ಇಟ್ಟಿದ್ದಳು. ಇಡೀ ಕೌದಿಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂದಿದ್ದು ಅದೇ.

"ಆ ಪಾರ್ಕಲ್ಲಿ ಬಂಡೇನೇ ಇಲ್ಲ," ಎಂದಳು ಹುಡುಗಿ. ಒಳಗೆ ಹೋಗಿ ನಿಘಂಟು ತಂದು, ಫೋಟೋ ತೆಗೆದು ಕೌದಿಯ ಮೇಲಿಟ್ಟಳು. "ಇದು ಅಮ್ಮನ ಬೆರಳು. ಫೋಟೋ ತೆಗೆಯೋವಾಗ ಅಡ್ಡ ಬಂದಿದೆ."

ಆಕೆ ನೋಡಿದಳು. ಬಣ್ಣದಲ್ಲಿ ನೋಡಿದರೆ ಹಾಲು ಕುಡಿಯುವ ಕೂಸೂ ಅದನ್ನು ಹೆಬ್ಬೆರಳೆಂದು ಹೇಳುತ್ತಿತ್ತು.

ಅಷ್ಟರಲ್ಲಿ ಅರ್ಧ ಮುಖಕ್ಕೆ ಸೋಪು ಹಚ್ಚಿಕೊಂಡು ಅಪ್ಪ ಬಂದು ಇಣುಕಿದ. "ಅಯ್ಯೋ, ಅದೇ ಹೆಬ್ಬೆರಳು! ಅವಳು ತೆಗೆದ ಒಂದು ಫೋಟೋಗೂ ಬೆರಳು ತಪ್ತಿರಲಿಲ್ಲ ಕಣೇ. ನಾನು ಎಲ್ಲಾನೂ ಕತ್ತರೀಲಿ ನೀಟಾಗಿ ಕತ್ತರಿಸಿ ಆಲ್ಬಮ್ಮಿಗೆ ಅಂಟಿಸ್ತಿದ್ದೆ. ಇದೊಂದು ಹೇಗೋ ತಪ್ಪಿಸ್ಕೊಂಡಿದೆ." ಕೇಳದವರಿಗೂ ಉಪಾಯ ಹೇಳುವ ಉತ್ಸಾಹದಲ್ಲಿ ಮುಂದುವರಿಸಿದ: "ಅದಕ್ಯಾಕೆ ಮುಖ ಸಣ್ಣ ಮಾಡ್ಕೋತೀಯ? ಬಿಚ್ಚಿಬಿಡು. ಅಲ್ಲೂ ಒಂದಿಷ್ಟು ಹುಲ್ಲು ಹಾಕಿದ್ರಾಯ್ತು. ಯಾರಿಗೆ ಗೊತ್ತಾಗತ್ತೆ?"

"ನೀವು ಮೊದಲು ಹೋಗಿ ಆ ಇನ್ನರ್ಧ ಮುಖ ನೋಡ್ಕೊಳ್ಳಿ."

ಅವನು ಹೋದ. ಆಕೆಗೆ ತಲೆ ಎತ್ತಲಾಗಲಿಲ್ಲ. ಕದ್ದದ್ದಾಯಿತು, ಕದ್ದದ್ದನ್ನು ಕಲ್ಲು ಮಾಡಿದ್ದೂ ಆಯಿತು. ಇನ್ನು ಈ ಹುಡುಗಿ ಕಿಟಕಿಯ ಜೊತೆಗೂ ಮಾತು ಬಿಡುತ್ತಾಳೆ.

"ಕೇಳದೆ ತಗೊಂಡೆ ಪುಟ್ಟಿ. ತಪ್ಪಾಯ್ತು."

"ಅವತ್ತೇ ಗೊತ್ತಾಯ್ತು. ಫೋಟೋ ತಲೆಕೆಳಗಾಗಿ ಇಟ್ಟಿದ್ರಿ."

"ಮತ್ತೆ ಯಾಕೆ ಸುಮ್ಮನಿದ್ದೆ?"

"ಏನು ಮಾಡ್ತೀರೋ ನೋಡೋಣ ಅಂತ."

ಆಕೆ ಹೊಲಿಗೆ ಡಬ್ಬಿಯಿಂದ ಬ್ಲೇಡು ತೆಗೆದು, ಬಂಡೆಯ ಅಂಚಿನ ಮೊದಲ ಹೊಲಿಗೆಯ ಕೆಳಗೆ ತೂರಿಸಿದಳು.

"ಬೇಡ!" ಹುಡುಗಿ ಆ ಮೂಲೆಯನ್ನೇ ಎಳೆದುಕೊಂಡಳು. ಕಂದು ತುಂಡುಗಳ ಮೇಲೆ ಅಂಗೈ ಆಡಿಸಿದಳು. ಅದು ದಿಂಬಿನಷ್ಟು ದೊಡ್ಡದಿತ್ತು. "ಅಮ್ಮನ ಬೆರಳು ಇಷ್ಟು ದಪ್ಪ ಇರಲಿಲ್ಲ. ಇದು ರಾಕ್ಷಸೀದು."

"ಕ್ಯಾಮರಾಗೆ ಅಂಟ್ಕೊಂಡಿತ್ತಲ್ಲ, ಅದಕ್ಕೆ ಹಾಗೆ ಕಾಣತ್ತೆ."

"ಗೊತ್ತು." ಹುಡುಗಿ ತಿಳಿಬಣ್ಣದ ತೇಪೆಯ ಅಂಚು ಸವರಿದಳು. "ಆದ್ರೆ ಗಾಯ ಇಲ್ಲ."

"ಯಾವ ಗಾಯ?"

"ಉಗುರಿನ ಪಕ್ಕ ಒಂದು ಗುರುತಿತ್ತು. ಡಬ್ಬಿ ಮುಚ್ಚಳ ಕುಯ್ದಿದ್ದು. ಫೋಟೋದಲ್ಲಿ ಮಸುಕಾಗಿಬಿಟ್ಟಿದೆ. ಅಪ್ಪಂಗೆ ಗೊತ್ತಿಲ್ಲ, ಕೇಳಬೇಡಿ."

"ಕೇಳಲ್ಲ. ಬಿಳಿ ದಾರದಲ್ಲಿ ಹಾಕ್ಲಾ?"

ಹುಡುಗಿ ಹೂಂ ಎಂದು ತಲೆಯಾಡಿಸಿದಳು.

"ಹಾಗಾದ್ರೆ ಎಲ್ಲಿತ್ತು, ಎಷ್ಟುದ್ದ ಇತ್ತು, ಸರಿಯಾಗಿ ತೋರ್ಸು. ನಾನು ಮತ್ತೆ ಏನನ್ನೋ ಏನೋ ಮಾಡೋದು ಬೇಡ," ಎಂದು ಆಕೆ ಬಟ್ಟೆಗೆ ಗುರುತು ಹಾಕುವ ಬಿಳಿ ಚಾಕ್‌ಪೀಸನ್ನು ಅವಳ ಕೈಗೆ ಕೊಟ್ಟಳು.

ಹುಡುಗಿ ಕೌದಿಯ ಮೇಲೆ ಬಗ್ಗಿ ಒಂದು ಗೆರೆ ಎಳೆದಳು, ಅಳಿಸಿದಳು. ಇನ್ನೊಂದು ಎಳೆದಳು, ಅದನ್ನೂ ಅಳಿಸಿದಳು. "ಇಷ್ಟು ದೊಡ್ಡದರಲ್ಲಿ ಗೊತ್ತಾಗಲ್ಲ," ಎಂದು ಗೊಣಗಿ ಕೈ ನೀಡಿದಳು. "ನಿಮ್ಮ ಬೆರಳು ಕೊಡಿ."

ಆಕೆ ಬ್ಲೇಡು ಕೆಳಗಿಟ್ಟು ಕೈ ಚಾಚಿದಳು. ಹುಡುಗಿ ಆ ಹೆಬ್ಬೆರಳನ್ನು ಅಲುಗದಂತೆ ಮುಷ್ಟಿಯಲ್ಲಿ ಹಿಡಿದು, ನಾಲಿಗೆಯ ತುದಿ ಕಚ್ಚಿಕೊಂಡು, ಉಗುರಿನ ಪಕ್ಕದಲ್ಲಿ ನಿಧಾನಕ್ಕೆ ಒಂದು ಬಿಳಿಯ ಗೆರೆ ಎಳೆದಳು.