ಹೆಗಲಿಗೆ ಬಂದ ಕಂಬಳಿ

ಕಂಬಳಿಯ ವಾಸನೆ ಬಂದರೆ ಈಗಲೂ ಕುಷ್ಟಗಿಯ ಆ ಬೇಸಿಗೆ ಮಧ್ಯಾಹ್ನ ನೆನಪಾಗುತ್ತದೆ.

ಅಕ್ಕನೂ ನಾನೂ ಕಂಪ್ಯೂಟರಿನಲ್ಲಿ ಬಾಹ್ಯಾಕಾಶ ಯುದ್ಧದ ಆಟ ಆಡುತ್ತಿದ್ದೆವು. ಕುರಿ ಕಾದೇ ಮುಪ್ಪಾಗಿದ್ದ ಅಜ್ಜಿ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಹಿಂದೆ ಕೂತಿದ್ದಳು. ವೈರಿಗಳು ಅಕ್ಕನ ಪುಟ್ಟ ನೌಕೆಯನ್ನು ಮುತ್ತಿದರು. ನನ್ನ ದೊಡ್ಡ ನೌಕೆಯನ್ನು ಅವರ ನಡುವೆ ನುಗ್ಗಿಸಿ, ಸಿಕ್ಕಸಿಕ್ಕವರಿಗೆ ಗುಂಡು ಹಾರಿಸಿ, ಬೇರೆ ದಿಕ್ಕಿಗೆ ತಿರುಗಿಸಿದೆ. ಎಲ್ಲರೂ ಅಕ್ಕನನ್ನು ಬಿಟ್ಟು ನನ್ನ ಬೆನ್ನು ಹತ್ತಿದರು. ಅಕ್ಕ ಪಾರಾದಳು; ನನ್ನ ನೌಕೆ ಹೊತ್ತಿ ಉರಿಯಿತು.

"ನಿಂದು ಸುಟ್ಟು ಹೋತಲ್ಲೇ!" ಎಂದಳು ಅಕ್ಕ.

"ಹೋಗ್ಲಿ ಬಿಡು," ಎಂದಳು ಹಿಂದೆ ಕೂತಿದ್ದ ಅಜ್ಜಿ. "ತೋಳ ಬಂದಾಗ ನಾನೂ ಹಿಂಗ ಒದರಕೋಂತ ಆ ಕಡಿ ಓಡತಿದ್ನಿ, ಅದು ನನ್ನ ಬೆನ್ನ ಹತ್ತಲಿ, ಮರಿ ಉಳೀಲಿ ಅಂತ."

ಯಾರಿಗೂ ಮುಟ್ಟಗೊಡದ ಕಂಬಳಿಯನ್ನು ತೆಗೆದು ನನ್ನ ಹೆಗಲಿಗೆ ಹಾಕಿದಳು. ಆ ಸೆಕೆಯಲ್ಲೂ ನಾನದನ್ನು ಸಂಜೆಯವರೆಗೆ ಇಳಿಸಲಿಲ್ಲ.