ಚಾರ್ಜ್ ತಿಂದವರು

ರೈಲು ಅನಕಾಪಲ್ಲಿ ದಾಟಿದ ಮೇಲೆ ಹೇಮಾಕ್ಷಿ ಬ್ಯಾಗಿನಿಂದ ಬ್ರೈಲ್ ನೋಟ್‌ಟೇಕರ್ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಹುಟ್ಟಿನಿಂದ ಕಣ್ಣು ಕಾಣದ ಅವಳಿಗೆ ಅದೇ ಪುಸ್ತಕ, ಅದೇ ಪೆನ್ನು. ಪರದೆಯಿಲ್ಲದ ಯಂತ್ರ, ಬರೆದದ್ದು ಚುಕ್ಕಿಗಳಾಗಿ ಬೆರಳಿಗೆ ಏಳುತ್ತದೆ, ಬೇಕೆಂದರೆ ಗಟ್ಟಿಯಾಗಿ ಓದಿಯೂ ಹೇಳುತ್ತದೆ. ಇವತ್ತು ಯಾರೂ ಬೇಕೆನ್ನಲಿಲ್ಲ. ಮುಚ್ಚಳ ತೆರೆದದ್ದೇ ತಡ, ಬೋಗಿಗೆಲ್ಲ ಕೇಳುವಂತೆ ಅದು ಅವಳ ಡೈರಿಯನ್ನು ಕನ್ನಡದಲ್ಲಿ ಓದತೊಡಗಿತು.

"ಅತ್ತಯ್ಯಗಾರು ಇವತ್ತೂ ನನ್ನ ಬಾಚಣಿಗೆ ಎಲ್ಲೋ ಎತ್ತಿಟ್ಟಿದ್ದಾರೆ. ಈ ಹೆಂಗಸಿನ ಕೈ ಒಂದು ದಿನವಾದರೂ ಸುಮ್ಮನಿರಬಾರದೇ! ವಿಜಯವಾಡದ ಕೆಲಸ ಸಿಕ್ಕರೆ ಸಾಕು, ಗವರ್ನರ್‌ಪೇಟೆಯಲ್ಲಿ ಒಬ್ಬಳಿಗೆ ಒಂದು ರೂಮು..."

ಅವಳು ತಡಕಾಡಿ ಗುಂಡಿ ಹುಡುಕಿ ಅದರ ಬಾಯಿ ಮುಚ್ಚಿಸಿದಳು. ಪಕ್ಕದಲ್ಲೇ ಅತ್ತೆ ಭ್ರಮರಾಂಬ ಎಲೆಅಡಿಕೆ ಅಗಿಯುತ್ತ ಕೂತಿದ್ದರು. ಪುಣ್ಯಕ್ಕೆ ಅವರಿಗೆ ಕನ್ನಡ ಬಾರದು. ಹುಟ್ಟಿದ್ದು ಸಿರುಗುಪ್ಪದಲ್ಲೇ ಆದರೂ ಹದಿನೇಳಕ್ಕೆ ಮದುವೆಯಾಗಿ ವಿಶಾಖಪಟ್ಟಣಕ್ಕೆ ಬಂದವರು. ಕನ್ನಡ ಮರೆತೇಹೋಯಿತಮ್ಮ ಎಂದು ಹೆಣ್ಣು ನೋಡಲು ಬಂದ ದಿನವೇ ತೆಲುಗಿನಲ್ಲಿ ಹೇಳಿಬಿಟ್ಟಿದ್ದರು. ತುಮಕೂರಿನ ಹೇಮಾಕ್ಷಿ ಆರು ವರ್ಷದಿಂದ ಅವರ ಜೊತೆ ತೆಲುಗಿನಲ್ಲೇ ಏಗುತ್ತಿದ್ದಳು.

ಬ್ಯಾಟರಿ ಎಷ್ಟಿದೆ ನೋಡಿದಳು. ಮೂವತ್ತೊಂದು. ನಿನ್ನೆ ಸಂಜೆ ನೂರು ಮಾಡಿಯೇ ಬ್ಯಾಗಿಗೆ ಹಾಕಿದ್ದಳು. ಮಧ್ಯಾಹ್ನ ಮೂರಕ್ಕೆ ಬೆಂಜ್ ಸರ್ಕಲ್‌ನ ಬ್ಯಾಂಕ್ ಕಚೇರಿಯಲ್ಲಿ ಸಂದರ್ಶನ, ಓದಿಕೊಂಡ ಟಿಪ್ಪಣಿಯೆಲ್ಲ ಇದರೊಳಗೆ, ಕೂತ ಬೋಗಿಯಲ್ಲಿ ಪ್ಲಗ್ ಇಲ್ಲ. ಸಂದರ್ಶನದ ವಿಷಯ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಎರಡು ದಿನದ ತರಬೇತಿ ಎಂದು ಸುಳ್ಳು ಹೇಳಿ ಹೊರಟವಳ ಜೊತೆಗೆ ಅತ್ತೆ ತಾವಾಗಿ ಹೊರಟುನಿಂತಿದ್ದರು.

ಚಾರ್ಜಿನ ವಿಷಯದಲ್ಲಿ ಅವಳಂಥ ಜಿಪುಣಿ ಇನ್ನೊಬ್ಬಳಿಲ್ಲ. ವೈಫೈ ಬಂದ್, ಬ್ಲೂಟೂತ್ ಬಂದ್, ಎಲ್ಲಕ್ಕಿಂತ ಮೊದಲು ಧ್ವನಿ ಬಂದ್. ಓದಲು ಬೆರಳಿರುವಾಗ ಯಂತ್ರದ ಬಾಯಿಗೆ ಯಾಕೆ ಕರೆಂಟು ಸುರಿಯಬೇಕು? ಆದರೂ ಆರು ತಿಂಗಳಿಂದ ಚಾರ್ಜ್ ನಿಲ್ಲುತ್ತಿರಲಿಲ್ಲ. ಬ್ಯಾಟರಿಗೆ ವಯಸ್ಸಾಯಿತೆಂದು ಬೈದುಕೊಂಡು ಹೊಸದಕ್ಕೆ ಚೆನ್ನೈಯ ಕಂಪನಿಗೆ ಬರೆದೂ ಆಗಿತ್ತು. ಆದರೆ ಧ್ವನಿ ತಾನಾಗಿ ಆನ್ ಆಗುವುದಿಲ್ಲ. ಗಂಡ ಫಣಿ ವಾರದಿಂದ ಹೈದರಾಬಾದಿನಲ್ಲಿದ್ದಾನೆ. ಎಂವಿಪಿ ಕಾಲೋನಿಯ ಮನೆಯಲ್ಲಿದ್ದದ್ದು ಇಬ್ಬರೇ.

ಒಂದೊಂದೇ ನೆನಪಾಗತೊಡಗಿತು. ಈ ಆರು ತಿಂಗಳಲ್ಲಿ ಅತ್ತೆ ಮಾಡುವ ಪಪ್ಪಿನಲ್ಲಿ, ಅಂದರೆ ತೊವ್ವೆಯಲ್ಲಿ, ಹುಣಸೆಹುಳಿ ಕಡಿಮೆಯಾದದ್ದು, ಅವಳು ತವರಿಗೆ ಫೋನ್ ಮಾಡಿದಾಗ ಟಿವಿಯ ಸದ್ದು ತಗ್ಗಿದ್ದು, ನೆಂಟರ ಮುಂದೆ ಅತ್ತೆ 'ಪಾಪ' ಎನ್ನುವುದನ್ನು ಬಿಟ್ಟದ್ದು. ದೇವರು ಕೊನೆಗೂ ಈಕೆಗೆ ಬುದ್ಧಿ ಕೊಟ್ಟ ಎಂದು ಖುಷಿಪಟ್ಟಿದ್ದಳು. ಈ ಮೂರರ ದೂರನ್ನೂ ಅವಳು ಮೊದಲು ಬರೆದುಕೊಂಡದ್ದು ಡೈರಿಯಲ್ಲಿ ಮಾತ್ರ.

"ಅತ್ತಯ್ಯಗಾರು, ಇದನ್ನ ಮುಟ್ಟಿದ್ರಾ?" ಗಾಬರಿಯಲ್ಲಿ ಬಾಯಿಗೆ ಕನ್ನಡವೇ ಬಂತು.

ಅಗಿಯುವ ಸದ್ದು ನಿಂತಿತು.

"ಬೆಳಗ್ಗೆ ನೀ ಸ್ನಾನಕ್ಕೆ ಹೋದಾಗ ಕೇಳ್ತಿದ್ದೆ, ಅಮ್ಮಾಯಿ. ಆಟೋ ಬಂತಂತ ಅವಸರದಾಗ ಮುಚ್ಚಿಬಿಟ್ಟೆ. ಅದರ ಬಾಯಿ ಬಂದ್ ಮಾಡೋದು ಮರೆತೆ."

ಅಚ್ಚ ಸಿರುಗುಪ್ಪದ ಕನ್ನಡ. ಮನೆಯಲ್ಲಿ ಯಾರಿಗೂ ಚುಕ್ಕಿ ಓದಲು ಬರುವುದಿಲ್ಲ ಎಂಬ ಧೈರ್ಯದಲ್ಲಿ ಹೇಮಾಕ್ಷಿ ಏನೆಲ್ಲ ಬರೆದಿದ್ದಳು!

"ಎಲ್ಲಾ ಕೇಳಿದ್ರಾ?"

"ಎಲ್ಲಾ. ರಾಕ್ಷಸಿ ಅಂತ ಬರ್ದಿದ್ದೂ ಕೇಳೀನಿ."

"ನಾಚಿಕೆ ಆಗ್ಲಿಲ್ವಾ ನಿಮಗೆ?"

"ಆಯ್ತು. ಆದ್ರೂ ಮರುದಿನ ಮತ್ತೆ ಕೇಳಿದೆ." ಅತ್ತೆಯ ದನಿ ಸಣ್ಣದಾಯಿತು. "ಧೂಳು ಒರೆಸುವಾಗ ಏನೋ ಒತ್ತಿದೆ, ಡಬ್ಬಿ ಮಾತಾಡ್ತು. ಕನ್ನಡ! ನಲವತ್ತು ವರ್ಷ ಆ ಮನ್ಯಾಗ ನನ್ನ ಜೊತೆ ಯಾರೂ ಕನ್ನಡ ಮಾತಾಡಿಲ್ಲ. ಹೊಸದ್ರಾಗ ನಾ ಬಾಯಿ ತೆಗೆದ್ರೆ ಎಲ್ಲಾ ನಗೋರು. ಮರೆತೀನಿ ಅಂದುಬಿಟ್ಟೆ. ನಿನ್ನ ಡಬ್ಬಿ ಬೈದ್ರೂ ಕನ್ನಡದಾಗ ಬೈತಿತ್ತು."

ಹೇಮಾಕ್ಷಿಯ ಸಿಟ್ಟು ಇಳಿಯಲಿಲ್ಲ. ಆದರೂ ಆರು ವರ್ಷ ಒಂದೇ ಅಡುಗೆಮನೆಯಲ್ಲಿ ಇಬ್ಬರು ಕನ್ನಡದವರು ತೆಲುಗಿನಲ್ಲಿ ಉಪ್ಪು ಕೇಳಿಕೊಂಡು ಬದುಕಿದ್ದೇವಲ್ಲ ಎಂದು ದಂಗಾಗಿ ಕೂತಳು.

"ಫಣಿಗೆ ಹೇಳಿದ್ರಾ?"

"ಹೇಳಿದ್ರೆ ನಿನ್ನ ಬಿಡ್ತಿದ್ನಾ?" ಭ್ರಮರಾಂಬ ಅವಳ ಕೈಗೆ ಇಟ್ಟಿಗೆಯಂಥದ್ದೇನೋ ಇಟ್ಟರು. ಪವರ್ ಬ್ಯಾಂಕ್. "ಮೊನ್ನೆ ತಂದೆ. ಚಾರ್ಜ್ ತಿಂದೋಳು ನಾನೇ ಅಲ್ವಾ. ಇಳಿಯೋದ್ರಾಗ ತುಂಬತ್ತೆ ಅಂದ ಅಂಗಡಿಯವ."

ಹೇಮಾಕ್ಷಿ ತಂತಿ ಸಿಕ್ಕಿಸಿದಳು. ಸ್ವಲ್ಪ ಹೊತ್ತಿಗೆ ಚುಕ್ಕಿಗಳು ಎದ್ದು ಮೂವತ್ತೆರಡು ಎಂದವು. ಸಂದರ್ಶನಕ್ಕೆ ಸಾಕಾಗುತ್ತದೆ ಎಂದು ಅವಳು ಲೆಕ್ಕ ಹಾಕುತ್ತಿರುವಾಗ ಅತ್ತೆ ಇನ್ನಷ್ಟು ಹತ್ತಿರ ಸರಿದು ಪಿಸುಗುಟ್ಟಿದರು.

"ಗವರ್ನರ್‌ಪೇಟೆ ರೂಮು ಒಬ್ಬಳಿಗೆ ಅಂತ ಬರ್ದಿದ್ದಿ. ಇಬ್ಬರಿಗೆ ಅಂತ ನೋಡ್ತೀಯಾ? ನಿನ್ನ ಬಾಚಣಿಗೆ ಮುಟ್ಟಿದ್ರೆ ಕೇಳು."