ಗುರುವಾರದ ರಜೆ

ಬಾಗಿಲ ಹೊರಗೆ ಬಿಟ್ಟಿದ್ದ ಚಪ್ಪಲಿ ಗಂಡ ಮುದ್ದಣ್ಣನದೇ. ವಾರಿಜಾಕ್ಷಿ ಹೊಸ್ತಿಲ ಬಳಿ ಕಿವಿಗೊಟ್ಟು ನಿಂತಳು. ಒಳಗಿನಿಂದ ಒಬ್ಬ ಹೆಂಗಸಿನ ಮೆಲುದನಿ ಮರಾಠಿಯಲ್ಲಿ ಕೇಳಿಸಿತು.

"ಬಾ, ಮಲಗು. ಇಲ್ಲಿ ನಿನ್ನನ್ನು ಯಾರೂ ಕರೆಯುವುದಿಲ್ಲ."

ನಾಶಿಕದಲ್ಲೊಂದು, ಸಂಭಾಜಿನಗರದಲ್ಲೊಂದು ಹೋಟೆಲು. ಎರಡರ ನಡುವೆ ಓಡಾಡುತ್ತಲೇ ಮುದ್ದಣ್ಣನ ಕೂದಲು ನರೆತಿತ್ತು. ಒಂದು ದಿನ ಬಾಗಿಲು ಹಾಕಿ ಎಂದರೆ ನಗುತ್ತಿದ್ದ. "ಊರು ಬಿಟ್ಟು ಬಂದು ಹೋಟೆಲ್ ಇಟ್ಟವನಿಗೆ ಎಂತ ಭಾನುವಾರ ಮಾರಾಯ್ತಿ?"

ಆ ನಗುವೂ ಗಣೇಶ ಚೌತಿಯ ನಂತರ ನಿಂತುಹೋಯಿತು. ಆಗ ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಂಭಾಜಿನಗರದಲ್ಲಿ ದೋಸೆ ಹಾಕುತ್ತಿದ್ದ ಉತ್ಕರ್ಷ, ತಾಯಿಯನ್ನು ನೋಡಿ ಬರುತ್ತೇನೆ, ಒಂದು ದಿನ ರಜೆ ಕೊಡಿ ಎಂದು ಕೇಳಿದ್ದ. ಹಬ್ಬ ಮುಗಿಯಲಿ ಎಂದ ಮುದ್ದಣ್ಣ. ಹಬ್ಬ ಮುಗಿಯಿತು. ಹಗಲೂ ರಾತ್ರಿ ಕಾವಲಿಯ ಮುಂದೆ ನಿಂತವನು ಅದೇ ಸುಸ್ತಿನಲ್ಲಿ ಬೈಕು ಹತ್ತಿ ಹೊರಟ. ದಾರಿಯಲ್ಲಿ ತೂಕಡಿಸಿದ. ಮನೆ ಮುಟ್ಟಿದ್ದು ಅವನ ಹೆಣ.

ಅಂದಿನಿಂದ ಮುದ್ದಣ್ಣನಿಗೆ ನಿದ್ದೆಯಿಲ್ಲ. ಕಣ್ಣು ಮುಚ್ಚಿದರೆ ಬೆಚ್ಚಿಬೀಳುತ್ತಿದ್ದ. ಗ್ರೈಂಡರಿನ ಸದ್ದಿನೊಳಗೆ ಯಾರೋ ರಜೆ ಕೇಳುತ್ತಾರೆ ಎಂದು ಒಮ್ಮೆ ಅದನ್ನು ನಿಲ್ಲಿಸಿಯೇ ಬಿಟ್ಟಿದ್ದ.

ಗುರುವಾರ ಮಾತ್ರ ಹಾಗಲ್ಲ. ಸಂಭಾಜಿನಗರಕ್ಕೆಂದು ಹೋದವನು ಗೆಲುವಾಗಿ ಮರಳುತ್ತಿದ್ದ, ತಲೆಯಲ್ಲಿ ಬಾದಾಮಿ ಎಣ್ಣೆಯ ವಾಸನೆ ಹೊತ್ತು. ಮನೆಯಲ್ಲಿದ್ದದ್ದು ತೆಂಗಿನೆಣ್ಣೆ.

ವಾರಿಜಾಕ್ಷಿ ಸಂಭಾಜಿನಗರದ ಹೋಟೆಲಿನ ಮ್ಯಾನೇಜರ್ ರವಿಕುಮಾರನಿಗೆ ಫೋನು ಹಚ್ಚಿದಳು. ಅವನು ಧಾರವಾಡದ ಕಡೆಯವನು.

"ಅಕ್ಕಾರ, ಗುರುವಾರ ಅಣ್ಣಾರು ಇಲ್ಲಿಗೆ ಬರೂದು ಸಂಜೀಗೇರಿ. ನಡುವ ವೈಜಾಪುರದಾಗ ಇಳೀತಾರಂತ. ನಾ ಹೇಳೀನಿ ಅನಬ್ಯಾಡ್ರಿ ಮತ್ತ."

ಇವತ್ತು ಅವನ ಬೆನ್ನಿಗೇ ಮುಂದಿನ ಬಸ್ಸು ಹಿಡಿದು ಅವಳೂ ವೈಜಾಪುರಕ್ಕೆ ಬಂದಳು. ಗುರುವಾರ ಬರುವ ನಾಶಿಕದ ಹೋಟೆಲ್ ಸೇಠ್ ಎಂದದ್ದೇ ತಡ, ಬಸ್‌ಸ್ಟ್ಯಾಂಡಿನ ಚಹಾದಂಗಡಿಯವನು ಮನೆ ತೋರಿಸಿದ.

ವಾರಿಜಾಕ್ಷಿ ಬಾಗಿಲು ತಳ್ಳಿದಳು.

ಚಾಪೆಯ ಮೇಲೆ ಗಂಡ ಮಲಗಿದ್ದ. ತಲೆ ಒಬ್ಬ ಮುದುಕಿಯ ಮಡಿಲಲ್ಲಿತ್ತು. ಹಾಲುಗಟ್ಟಿದ ಕಣ್ಣುಗಳ ಮುದುಕಿ ಅವನ ನೆತ್ತಿಗೆ ಎಣ್ಣೆ ತಟ್ಟುತ್ತಿದ್ದಳು. ಹೆಂಡತಿಯನ್ನು ಕಂಡದ್ದೇ ಮುದ್ದಣ್ಣ ತುಟಿಯ ಮೇಲೆ ಬೆರಳಿಟ್ಟು ಎದ್ದ. ಹೊರಗೆ ಕರೆತಂದು ಕನ್ನಡದಲ್ಲಿ ಪಿಸುಗುಟ್ಟಿದ.

"ಉತ್ಕರ್ಷನ ಅಮ್ಮ. ರಾಧಾಬಾಯಿ."

"ನೀವು ಇಲ್ಲಿ ಎಂತ ಮಾಡ್ತಿದ್ದೀರಿ?"

"ಕಾಲು ಹಿಡಿಯುವ ಅಂತ ಬಂದೆ. ಬಾಯಿ ತೆರೆಯುವ ಮೊದಲೇ ಅವಳು ನನ್ನ ಕೈ ಹಿಡಿದಳು. ದೋಸೆ ಕಾವಲಿಯ ವಾಸನೆ ಇತ್ತಲ್ಲ. 'ಉತ್ಕರ್ಷ, ರಜೆ ಸಿಕ್ಕಿತಾ ಮಗನೇ?' ಅಂದಳು." ಅವನು ಒಮ್ಮೆ ಒಳಗೆ ಇಣುಕಿ ನೋಡಿದ. "ಮಗ ಸತ್ತದ್ದು ಅವಳ ತಲೆಗೆ ಹೋಗಲೇ ಇಲ್ಲ ಕಾಣ್ತದೆ. ಸಿಕ್ಕಿತು ಅಮ್ಮಾ ಅಂದುಬಿಟ್ಟೆ. ಮಲಗು ಅಂದಳು. ಮಲಗಿದೆ. ನಿದ್ದೆ ಬಂತು ಮಾರಾಯ್ತಿ! ಅಷ್ಟು ದಿನದ ಮೇಲೆ."

"ಕುರುಡಿಗೆ ಮೋಸ ಮಾಡ್ತೀರಾ?"

"ನಿಜ ಹೇಳಿದ್ರೆ ಆ ಜೀವ ಉಳೀತದಾ?"

ಒಳಗಿನಿಂದ ಕೂಗು ಬಂತು. "ಉತ್ಕರ್ಷ! ಎಲ್ಲಿ ಹೋದೆ?"

ಮುದ್ದಣ್ಣ ಅವಸರದಿಂದ ಒಳಹೋದ. ವಾರಿಜಾಕ್ಷಿ ಕಟ್ಟೆಯ ಮೇಲೆ ಕೂತಳು. ಬರುವಾಗ ಇನ್ನೊಂದು ಸಂಸಾರ ಕಾಣುವೆನೆಂದು ಎದೆ ಗಟ್ಟಿ ಮಾಡಿಕೊಂಡಿದ್ದಳು. ಇದಕ್ಕೆ ಮಾಡಿಕೊಂಡಿರಲಿಲ್ಲ. ಸತ್ತವನ ಹೆಸರಿಗೆ ಓಗೊಟ್ಟು, ಸತ್ತವನ ಚಾಪೆಯಲ್ಲಿ, ಸತ್ತವನಿಗೆ ಸಲ್ಲಬೇಕಾದ ನಿದ್ದೆಯನ್ನು ತನ್ನ ಗಂಡ ಕದಿಯುತ್ತಿದ್ದಾನೆ ಎನಿಸಿತು ಅವಳಿಗೆ.

ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು. ಎಷ್ಟೋ ತಿಂಗಳಿಂದ ಅವಳು ಕೇಳದ ಸದ್ದು ಅದು. ಆದರೂ ಮನಸ್ಸು ಒಪ್ಪಲಿಲ್ಲ. ಹೆತ್ತವಳಿಗೆ ಇಷ್ಟು ದೊಡ್ಡ ಸುಳ್ಳೇ? ಇಂದೇ ಹೇಳಿಬಿಡಬೇಕು. ಅವಳು ಎದ್ದು ಒಳಗೆ ಹೋಗಿ ಮುದುಕಿಯ ಎದುರು ಮಂಡಿಯೂರಿದಳು.

"ಆಜೀ, ನಾನು ನಾಶಿಕದಿಂದ ಬಂದವಳು," ಎಂದಳು ಮರಾಠಿಯಲ್ಲಿ. "ನಿಮ್ಮ ಮಗನ ವಿಷಯ ಒಂದು ಹೇಳಬೇಕಿತ್ತು."

ರಾಧಾಬಾಯಿಯ ಕೈ ಮುದ್ದಣ್ಣನ ಕಿವಿಯನ್ನು ಮುಚ್ಚಿತು.

"ಮೆಲ್ಲಗೆ ಮಾತಾಡು, ಮಗಳೇ. ಸೇಠ್ ಈಗಷ್ಟೇ ಕಣ್ಣು ಮುಚ್ಚಿದ್ದಾನೆ. ನನ್ನ ಉತ್ಕರ್ಷನನ್ನು ಈ ಕೈಯಾರೆ ನಾನೇ ಮೀಯಿಸಿ ಚಿತೆಗೆ ಕಳಿಸಿದ್ದೇನೆ. ಆದರೆ ಆ ಹೆಸರು ಹಿಡಿದು ಕರೆಯದಿದ್ದರೆ ಈ ಮನುಷ್ಯನಿಗೆ ನಿದ್ದೆ ಬರುವುದಿಲ್ಲ."